ಗೊಂಬೆಯ ಕಣ್ಣೆತ್ತರದ ಬೀದಿ

ಗೊಂಬೆಗಳ ಫೋಟೊ ತೆಗೆಯಲೆಂದು ಕಟ್ಟಿದ ನನ್ನ ಪುಟಾಣಿ ಬೀದಿಯ ಮೊದಲ ಮನೆಗೆ ಹೆಂಚು ಹೊದಿಸಲು ಐದು ವಾರಾಂತ್ಯ ಹಿಡಿಯಿತು. ರಟ್ಟನ್ನು ಒಂದೊಂದಾಗಿ ಕತ್ತರಿಸಿ, ಪೆನ್ಸಿಲ್‌ಗೆ ಸುತ್ತಿ ಬಾಗಿಸಿ, ಸಾಲಾಗಿ ಅಂಟಿಸಿ, ಮೂರು ತರದ ಕೆಂಪು ಬಳಿದೆ. ಒಟ್ಟು 412 ಹೆಂಚು. ಎಣಿಸಿದ್ದೇನೆ, ಯಾಕೆಂದರೆ ಆ ಐದು ವಾರ ಎಣಿಸುವುದು ಬಿಟ್ಟು ಬೇರೆ ಮನರಂಜನೆ ಇರಲಿಲ್ಲ. ಆಮೇಲೆ ಆ ಬೀದಿಯಲ್ಲಿ ಸಾವಿರಕ್ಕೂ ಜಾಸ್ತಿ ಫೋಟೊ ತೆಗೆದಿರಬೇಕು. ಮೊನ್ನೆಯವರೆಗೂ ಆ ಹೆಂಚುಗಳಲ್ಲಿ ಒಂದೂ ಯಾವ ಫೋಟೊದಲ್ಲೂ ಬಂದಿರಲಿಲ್ಲ.

ಕಾರಣ ತೀರಾ ಸರಳ. ಮನೆ ಕಟ್ಟುವಾಗ ನಾನು ಮೇಜಿನ ಮುಂದೆ ನಿಂತಿದ್ದೆ. ನಿಂತವಳ ಕಣ್ಣಿಗೆ ಮೊದಲು ಬೀಳುವುದು ಮಾಡು, ಅಂದರೆ ಹೆಂಚಿನ ಚಾವಣಿ. ಅದಕ್ಕೇ ಮಾಡಿನ ಮೇಲೆ ಪ್ರೀತಿ ಸುರಿದೆ. ಆದರೆ ಗೊಂಬೆಯ ಫೋಟೊ ತೆಗೆಯುವಾಗ ಕ್ಯಾಮೆರಾ ಇರುವುದು ಗೊಂಬೆಯ ಮುಖದ ಎತ್ತರದಲ್ಲಿ. ಅಲ್ಲಿಂದ ಕಾಣುವುದು ಬಾಗಿಲು, ಮೆಟ್ಟಿಲು, ಗೋಡೆಯ ಕೆಳಗಿನ ಕೊಳೆ, ರಸ್ತೆಯ ಸಣ್ಣ ಕಲ್ಲು. ಅವುಗಳಲ್ಲಿ ಯಾವುದನ್ನೂ ನಾನು ಸರಿಯಾಗಿ ಮಾಡಿರಲಿಲ್ಲ.

ಹಾಗಾಗಿ ಎಂಟು ತಿಂಗಳಲ್ಲಿ ಒಂದೇ ಬೀದಿಯನ್ನು ಒಂದೂವರೆ ಸಲ ಕಟ್ಟಿದೆ. ಇಲ್ಲಿ ಹೇಳುವುದರಲ್ಲಿ ಹೆಚ್ಚಿನ ಪಾಲು ಎರಡನೇ ಸಲದ್ದು.

ಅದಕ್ಕೂ ಮೊದಲು ನಾನು ಗೊಂಬೆಗಳನ್ನು ಕಿಟಕಿ ಕಟ್ಟೆಯ ಮೇಲೆ ನಿಲ್ಲಿಸಿ, ಹಿಂದೆ ಪ್ರಿಂಟ್ ಮಾಡಿದ ಬೀದಿಯ ಚಿತ್ರ ಇಟ್ಟು ಫೋಟೊ ತೆಗೆಯುತ್ತಿದ್ದೆ. ಚಿತ್ರದೊಳಗಿನ ಬಿಸಿಲು ಎಡಗಡೆಯಿಂದ, ಕಿಟಕಿಯ ಬಿಸಿಲು ಬಲಗಡೆಯಿಂದ. ನೆಲವಂತೂ ಇಲ್ಲವೇ ಇಲ್ಲ. ಗೊಂಬೆ ಬೀದಿಯಲ್ಲಿ ನಿಂತಂತೆ ಕಾಣುತ್ತಿರಲಿಲ್ಲ, ಪೋಸ್ಟರ್ ಮುಂದೆ ನಿಂತಂತೆ ಕಾಣುತ್ತಿತ್ತು. ನೆರಳು ಬೀಳಲು ನಿಜವಾದ ಗೋಡೆ ಬೇಕು, ಕಾಲೂರಲು ನಿಜವಾದ ರಸ್ತೆ ಬೇಕು ಅನ್ನಿಸಿತು. ಸರಿ, ಕಟ್ಟೋಣ ಅಂದುಕೊಂಡೆ. ಎಷ್ಟು ದೊಡ್ಡದಾಗುತ್ತದೆ ಎಂದು ಲೆಕ್ಕ ಹಾಕಿರಲಿಲ್ಲ.

ನನ್ನ ಗೊಂಬೆಗಳು ಸುಮಾರು 29 ಸೆಂ.ಮೀ. ಎತ್ತರ, ಹನ್ನೊಂದೂವರೆ ಇಂಚು. 1959ರಲ್ಲಿ ಬಾರ್ಬಿ ಬಂದಾಗಿನಿಂದ ಇದು ಫ್ಯಾಷನ್ ಗೊಂಬೆಗಳ ಮಾಮೂಲಿ ಎತ್ತರ. ಇದಕ್ಕೆ 1:6 ಅಳತೆ ಎನ್ನುತ್ತಾರೆ. ನಿಜದ ಒಂದು ಅಡಿ ಇಲ್ಲಿ ಎರಡು ಇಂಚು. ಲೆಕ್ಕ ಸುಲಭ, ಎಲ್ಲವನ್ನೂ ಆರರಿಂದ ಭಾಗಿಸಿದರಾಯಿತು. 210 ಸೆಂ.ಮೀ. ಬಾಗಿಲು 35 ಆಗುತ್ತದೆ. ಫುಟ್‌ಪಾತಿನ 15 ಸೆಂ.ಮೀ. ಅಂಚು ಎರಡೂವರೆ ಆಗುತ್ತದೆ. ಇಲ್ಲಿಯವರೆಗೆ ಖುಷಿಯಾಗಿತ್ತು. ಆಮೇಲೆ ಮನೆಗೆ ಬಂದೆ. ಒಂದು ಅಂತಸ್ತು ಮೂರು ಮೀಟರ್ ಅಂದರೆ ಇಲ್ಲಿ 50 ಸೆಂ.ಮೀ. ಎರಡಂತಸ್ತಿನ ಮನೆ ಒಂದು ಮೀಟರ್ ಎತ್ತರ. ಆರು ಮೀಟರ್ ಅಗಲದ ರಸ್ತೆಗೆ ಒಂದು ಮೀಟರ್ ಜಾಗ. 30 ಮೀಟರ್ ಉದ್ದದ ಬೀದಿ ಬೇಕೆಂದರೆ ಐದು ಮೀಟರ್ ಕೋಣೆ. ಎದೆ ಧಸಕ್ಕೆಂದಿತು.

ಗೊಂಬೆಮನೆ ಮಾಡುವವರು ಸಾಮಾನ್ಯವಾಗಿ 1:12ರಲ್ಲಿ ಮಾಡುತ್ತಾರೆ. ಅದರ ಎರಡರಷ್ಟು ತಾನೇ ಅಂದುಕೊಂಡಿದ್ದೆ. ಉದ್ದ ಎರಡರಷ್ಟಾದರೆ ಜಾಗ ನಾಲ್ಕರಷ್ಟು, ಗಾತ್ರ ಎಂಟರಷ್ಟು ಆಗುತ್ತದೆ. ಶಾಲೆಯಲ್ಲಿ ಕಲಿತದ್ದು ಕೈಗೆ ಅಂಟಿನ ಬಾಟಲಿ ಬಂದಾಗ ಮರೆತುಹೋಗುತ್ತದೆ.

ಇಷ್ಟು ದೊಡ್ಡದನ್ನು ಕಟ್ಟಿದವರು ಇಲ್ಲವೇ ಅಂದರೆ, ಇದ್ದಾರೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕಿಂಗ್‌ಸ್ಟನ್‌ನಲ್ಲಿ ಮಾರ್ಕ್ ಹೋಗನ್‌ಕ್ಯಾಂಪ್ ಎಂಬವರು ತಮ್ಮ ಮನೆಯ ಹೊರಗಿನ ಜಾಗದಲ್ಲಿ 1:6 ಅಳತೆಯ ಊರನ್ನೇ ಕಟ್ಟಿದರು. ಅದರ ಹೆಸರು ಮಾರ್ವೆನ್‌ಕಾಲ್. 2000ದಲ್ಲಿ ಕೆಲವರು ಅವರನ್ನು ಸಾಯುವಷ್ಟು ಹೊಡೆದು, ನೆನಪೂ ಕೈಯ ಹಿಡಿತವೂ ಹೋಗಿತ್ತು. ಊರು ಕಟ್ಟುವುದು, ಗೊಂಬೆಗಳ ಫೋಟೊ ತೆಗೆಯುವುದು ಅವರಿಗೆ ಚಿಕಿತ್ಸೆಯಾಯಿತು. ಅವರ ಫೋಟೊಗಳಲ್ಲಿ ಕೆಸರು ನಿಜವಾದ ಕೆಸರು, ಬೆಳಕು ನಿಜವಾದ ಸೂರ್ಯನದು. ನನಗೆ ಅಷ್ಟು ಬಯಲಿಲ್ಲ. ಒಂದು ಕೋಣೆ ಇದೆ, ಅದರಲ್ಲೂ ಒಂದು ಬೀರು ಇದೆ.

ಎರಡನೇ ಸಲ ಕಟ್ಟುವ ಮುಂಚೆ ನೆಲದ ಮೇಲೆ ಮಲಗಿದೆ. ಅಕ್ಕ ಬಾಗಿಲಲ್ಲಿ ನಿಂತು, "ಏನಾಯ್ತೇ, ಬಿದ್ಯಾ?" ಅಂದಳು. ಬಿದ್ದಿರಲಿಲ್ಲ. ಹಳೆ ಪೆಟ್ಟಿಗೆಗಳನ್ನು ಮನೆಗಳಂತೆ ನಿಲ್ಲಿಸಿ, ನಡುವೆ ಗೊಂಬೆ ಇಟ್ಟು, ಫೋನಿನಲ್ಲಿ ನೋಡುತ್ತಿದ್ದೆ. ನಿಂತ ಮನುಷ್ಯರ ಕಣ್ಣು ನೆಲದಿಂದ ಸುಮಾರು 160 ಸೆಂ.ಮೀ. ಮೇಲಿರುತ್ತದೆ. ಆರರಿಂದ ಭಾಗಿಸಿದರೆ 27ಕ್ಕೆ ತುಸು ಕಡಿಮೆ. ಫೋನಿನ ಲೆನ್ಸನ್ನು ಆ ಎತ್ತರಕ್ಕೆ ತಂದ ಕೂಡಲೇ ಪೆಟ್ಟಿಗೆಗಳು ಕಟ್ಟಡಗಳಾದವು. ಬಣ್ಣ ಇಲ್ಲ, ಕಿಟಕಿ ಇಲ್ಲ, ಮೇಲೆ ದಪ್ಪ ಅಕ್ಷರದಲ್ಲಿ ಏನೋ ಬರೆದಿದೆ, ಆದರೂ ಬೀದಿ. ಒಂದು ಗೇಣು ಮೇಲೆತ್ತಿದರೆ ಮತ್ತೆ ಪೆಟ್ಟಿಗೆಗಳು. 27 ಎಂದು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಆಮೇಲಿನ ಎಲ್ಲ ನಿರ್ಧಾರವನ್ನೂ ಆ ಚೀಟಿಯನ್ನು ಕೇಳಿಯೇ ತೆಗೆದುಕೊಂಡೆ.

ಪೆಟ್ಟಿಗೆಯ ಬೀದಿಯಿಂದ ಇನ್ನೂ ಕೆಲವು ವಿಷಯ ತಿಳಿಯಿತು. ಮನೆಗೆ ಒಳಗು ಬೇಡ, ಮುಖ ಸಾಕು. ಹಿಂಭಾಗಕ್ಕೆ ಬರೀ ಆಸರೆ. ಮೇಲಂತಸ್ತಿನ ಕಿಟಕಿಯವರೆಗೆ ಕಟ್ಟಿದರೆ ಸಾಕು, ಫ್ರೇಮು ಅಲ್ಲಿಗೇ ಮುಗಿಯುತ್ತದೆ. ಬೀದಿಯ ಎರಡೂ ಬದಿ ಒಟ್ಟಿಗೆ ಕಾಣುವ ಫೋಟೊ ಅಪರೂಪ, ಹಾಗಾಗಿ ಒಂದು ಬದಿಯನ್ನು ಯಾವಾಗ ಬೇಕಾದರೂ ತೆಗೆಯುವಂತಿರಬೇಕು, ಅಲ್ಲಿಂದಲೇ ಬೆಳಕು ಬಿಡಬೇಕು. ಮತ್ತೆ ಬಾಗಿಲಿನ ವಿಷಯ. ಲೆಕ್ಕದ ಪ್ರಕಾರ 35 ಸರಿ. ಆದರೆ ಗೊಂಬೆಯ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಮೇಲೆ ಗುಡ್ಡೆ ಕೂದಲು, ಕೆಳಗೆ ಎತ್ತರದ ಚಪ್ಪಲಿ. 35ರ ಬಾಗಿಲಲ್ಲಿ ನನ್ನ ಗೊಂಬೆ ಬಗ್ಗಿ ಒಳಹೋಗಬೇಕೇನೋ ಅನ್ನಿಸಿತು. 38 ಮಾಡಿದೆ. ಕಣ್ಣಿಗೆ ಸರಿ ಕಂಡರೆ ಲೆಕ್ಕ ಸುಳ್ಳಾದರೂ ಪರವಾಗಿಲ್ಲ.

ತಳಕ್ಕೆ 60 ಸೆಂ.ಮೀ. ಅಗಲ, 120 ಸೆಂ.ಮೀ. ಉದ್ದದ ನಾಲ್ಕು ಹಲಗೆ. ಜೋಡಿಸಿದರೆ 240 ಸೆಂ.ಮೀ. ಉದ್ದದ ಬೀದಿ. ನಿಜದಲ್ಲಿ ಹದಿನಾಲ್ಕು ಮೀಟರ್ ಚಿಲ್ಲರೆ. ಮಧ್ಯೆ 70 ಸೆಂ.ಮೀ. ರಸ್ತೆ, ಎರಡೂ ಕಡೆ 25ರ ಫುಟ್‌ಪಾತ್. ಹಲಗೆಗೆ ಕಟ್ಟಡಗಳಲ್ಲಿ ಶಾಖ ತಡೆಯಲು ಬಳಸುವ ಗಟ್ಟಿ ಫೋಮ್ ತಂದೆ. ನೀಲಿ ಅಥವಾ ಗುಲಾಬಿ ಬಣ್ಣದಲ್ಲಿ ಬರುತ್ತದಲ್ಲ, ಅದು. ಅದೂ ಥರ್ಮಾಕೋಲೂ ಒಂದೇ ಪಾಲಿಸ್ಟೈರೀನ್ ಜಾತಿ. ಆದರೆ ಥರ್ಮಾಕೋಲ್ ಕೊಯ್ದರೆ ಕಾಳುಕಾಳಾಗಿ ಉದುರಿ ಮನೆಯೆಲ್ಲ ಹಾರಾಡುತ್ತದೆ. ಇದು ಸಾಬೂನಿನ ಹಾಗೆ ನಯವಾಗಿ ಕೊಯ್ಯುತ್ತದೆ. ಕೊಯ್ಯಲು ಬ್ಲೇಡ್ ಹರಿತ ಇರಬೇಕು ಅಷ್ಟೆ. ಮೊಂಡು ಬ್ಲೇಡ್ ಫೋಮನ್ನು ಕೊಯ್ಯುವುದಿಲ್ಲ, ಕಿತ್ತು ಹಾಕುತ್ತದೆ. ಬಿಸಿ ತಂತಿಯ ಕಟ್ಟರ್ ಇನ್ನೂ ಚೆನ್ನ. ಆದರೆ ಅದರ ಹೊಗೆ ಒಳ್ಳೆಯದಲ್ಲ, ಕಿಟಕಿ ತೆರೆದಿಟ್ಟೇ ಮಾಡಬೇಕು.

ಮೊದಲ ಸಲ ಬೀದಿಯನ್ನು ಗೋಡೆಗೆ ತಾಗಿಸಿ ಕಟ್ಟಿದ್ದೆ. ನಡುವೆ ಬಿದ್ದ ಕುಂಚ ತೆಗೆಯಲು ಕೈ ಸಾಲಲಿಲ್ಲ. ಹೊಟ್ಟೆಯ ಮೇಲೆ ತೆವಳಿ ಹೋಗಿ, ವಾಪಸ್ ಬರುವಾಗ ಮೊಣಕೈ ತಾಗಿ ದೀಪದ ಕಂಬ ಮುರಿಯಿತು. ಎರಡನೇ ಸಲ ಕೋಣೆಯ ನಡುವೆ ಇಟ್ಟೆ. ಎರಡೂ ಕಡೆಯಿಂದ 60 ಸೆಂ.ಮೀ. ಅಂದರೆ ಕೈಗೆ ಆರಾಮಾಗಿ ಎಟಕುತ್ತದೆ.

ಈಗ ಇಟ್ಟಿಗೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ ಇದು. 22 ಸೆಂ.ಮೀ. ಉದ್ದ, 7 ಸೆಂ.ಮೀ. ದಪ್ಪದ ಇಟ್ಟಿಗೆ 1:6ರಲ್ಲಿ ಸುಮಾರು 3.7ಕ್ಕೆ 1.2 ಆಗುತ್ತದೆ. 60 ಸೆಂ.ಮೀ. ಅಗಲದ ಒಂದು ಅಂತಸ್ತಿನ ಗೋಡೆಗೆ, ಬಾಗಿಲು ಕಿಟಕಿ ಬಿಡದಿದ್ದರೆ, 580ಕ್ಕೂ ಜಾಸ್ತಿ. ಒಂದೊಂದನ್ನೂ ಬೇರೆ ಬೇರೆ ಕೊಯ್ದು ಅಂಟಿಸುವವರೂ ಇದ್ದಾರೆ. ಅವರಿಗೆ ನಮಸ್ಕಾರ. ನಾನು ಇಂಕು ಮುಗಿದ ಬಾಲ್‌ಪೆನ್ನಿನಿಂದ ಫೋಮಿನ ಮೇಲೆ ಒತ್ತಿ ಗೆರೆ ಎಳೆದೆ. ಗಾರೆಯ ಗೆರೆ ನಿಜದಲ್ಲಿ ಒಂದು ಸೆಂ.ಮೀ. ಇರುತ್ತದೆ, ಇಲ್ಲಿ ಒಂದೂವರೆ ಮಿ.ಮೀ. ಬಾಲ್‌ಪೆನ್ನಿನ ಮೂತಿ ಅದಕ್ಕೆ ಹೇಳಿ ಮಾಡಿಸಿದಂತಿದೆ. ಆಮೇಲೆ ಅಲ್ಯೂಮಿನಿಯಂ ಹಾಳೆಯನ್ನು ಮುದುಡಿ ಉಂಡೆ ಮಾಡಿ ಗೋಡೆಗೆಲ್ಲ ಒತ್ತಿದೆ. ಇಟ್ಟಿಗೆಗೆ ತರಿತರಿ ಮೈ ಬಂತು. ಅಲ್ಲೊಂದು ಇಲ್ಲೊಂದು ಇಟ್ಟಿಗೆಯನ್ನು ಬೆರಳಿನಿಂದ ಒಳಗೆ ತಳ್ಳಿದೆ, ನಾಲ್ಕೈದರ ಮೂಲೆ ಮುರಿದೆ. ಗೆರೆ ಎಳೆಯಲು ಸ್ಕೇಲು ಹಿಡಿದದ್ದು ಮೊದಲ ಗೋಡೆಗೆ ಮಾತ್ರ. ಅದು ಬಾತ್‌ರೂಮಿನ ಟೈಲ್ಸ್ ತರ ಕಂಡಿತು. ಎರಡನೇ ಗೋಡೆಯಿಂದ ಅಡ್ಡ ಗೆರೆಗೆ ಸ್ಕೇಲು, ನಿಂತ ಗೆರೆಗೆ ಬರೀ ಕೈ.

ಬಣ್ಣ ಹಚ್ಚುವ ಮುಂಚೆ ಮರದ ಕೆಲಸದ ಬಿಳಿ ಅಂಟನ್ನು ಕಪ್ಪು ಅಕ್ರಿಲಿಕ್ ಬಣ್ಣಕ್ಕೆ ಬೆರೆಸಿ ಫೋಮಿಗೆಲ್ಲ ಬಳಿಯಬೇಕು. ಒಣಗಿದ ಮೇಲೆ ತೊಗಲಿನಂತೆ ಗಟ್ಟಿಯಾಗುತ್ತದೆ, ಉಗುರು ತಾಗಿದರೆ ಗುಳಿ ಬೀಳುವುದಿಲ್ಲ. ಇದು ಬೇಸರದ ಕೆಲಸ ಎಂದು ಒಂದು ಗೋಡೆಗೆ ಸ್ಪ್ರೇ ಪೇಂಟ್ ಹೊಡೆದೆ. ಸುಯ್ ಎಂಬ ಸದ್ದು ಬಂತು. ನೋಡನೋಡುತ್ತಿದ್ದಂತೆ ಗೋಡೆ ಕುಗ್ಗಿ, ಗೆದ್ದಲು ತಿಂದ ಮರದಂತೆ ಗುಂಡಿ ಗುಂಡಿಯಾಯಿತು. ಸ್ಪ್ರೇಯಲ್ಲಿರುವ ದ್ರಾವಕ ಪಾಲಿಸ್ಟೈರೀನನ್ನು ಕರಗಿಸುತ್ತದೆ. ಕೆಲವು ಅಂಟುಗಳದ್ದೂ ಇದೇ ಕಥೆ. ಅಕ್ಕನಿಗೆ ಅಳುಮುಖ ಮಾಡಿ ತೋರಿಸಿದೆ. "ಚೆನ್ನಾಗೇ ಇದೆಯಲ್ಲೇ, ನೂರು ವರ್ಷದ ಗೋಡೆ ತರ" ಅಂದಳು. ಅದೇ ಗೋಡೆ ಈಗ ಎರಡು ಮನೆಗಳ ನಡುವಿನ ಓಣಿಯಲ್ಲಿದೆ. ಎಲ್ಲರೂ ಅದನ್ನೇ ಹೇಗೆ ಮಾಡಿದೆ ಅಂತ ಕೇಳುತ್ತಾರೆ.

ಇನ್ನೊಂದು ಮನೆಗೆ ಫೋಮಿನ ಬದಲು ಎರಡೂ ಕಡೆ ಕಾಗದ ಅಂಟಿಸಿದ ಫೋಮ್ ಬೋರ್ಡ್ ಬಳಸಿದೆ. ಮುಂಭಾಗಕ್ಕೆ ಬಣ್ಣ ಬಳಿದು ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಗೋಡೆ ಬಿಲ್ಲಿನಂತೆ ಬಾಗಿತ್ತು. ಒಂದು ಕಡೆಯ ಕಾಗದ ಮಾತ್ರ ನೀರು ಕುಡಿದು ಒಣಗಿದರೆ ಹಾಗೇ ಆಗುವುದು. ಹಿಂಭಾಗಕ್ಕೂ ಅಷ್ಟೇ ನೀರು ಬಣ್ಣ ಬಳಿದು, ಮೇಲೆ ಪುಸ್ತಕ ಹೇರಿದೆ. ಮುಕ್ಕಾಲು ಪಾಲು ನೇರವಾಯಿತು. ಉಳಿದ ಕಾಲು ಪಾಲನ್ನು ಒಂದು ನೀರಿನ ಪೈಪು ಮುಚ್ಚಿತು.

ಬಣ್ಣದ ಬಗ್ಗೆ ನನ್ನದೊಂದು ಹಟ ಇದೆ. ಬಾಟಲಿಯಿಂದ ಬಂದ ಬಣ್ಣವನ್ನು ಹಾಗೇ ಹಚ್ಚಬಾರದು. ಹಾಗೇ ಹಚ್ಚಿದರೆ ಆಟದ ಸಾಮಾನಾಗಿಬಿಡುತ್ತದೆ. ಪ್ರತಿಯೊಂದಕ್ಕೂ ಒಂದು ಚಿಟಿಕೆ ಬೂದು ಸೇರಿಸಿದೆ. ಇಟ್ಟಿಗೆಗೆ ಮೊದಲು ಕಂದು ಕೆಂಪು, ಆಮೇಲೆ ಹತ್ತರಲ್ಲಿ ಒಂದಕ್ಕೆ ಬೇರೆ ಛಾಯೆ. ಅದು ಒಣಗಿದ ಮೇಲೆ ಕಪ್ಪು ಮತ್ತು ಕಂದು ಬಣ್ಣವನ್ನು ಕೊಳೆನೀರಿನಷ್ಟು ತೆಳುವಾಗಿ ಕಲಸಿ, ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಗೋಡೆಯ ಮೇಲೆ ಹರಿಬಿಟ್ಟೆ. ಸೋಪು ಇದ್ದರೆ ನೀರು ಹನಿಗಟ್ಟದೆ ಗೆರೆಗಳೊಳಗೆ ಇಳಿಯುತ್ತದೆ. ಕೊನೆಗೆ ಒಣ ಕುಂಚದ ತುದಿಗೆ ತಿಳಿ ಬಣ್ಣ ತಾಗಿಸಿ, ಬಟ್ಟೆಗೆ ಒರೆಸಿ, ಉಳಿದ ಅಷ್ಟಿಷ್ಟನ್ನು ಇಟ್ಟಿಗೆಯ ಮೇಲಂಚಿಗೆ ಸವರಿದೆ. ಈ ಮೂರನೇ ಹಂತದಲ್ಲಿ ಗೋಡೆ ಎದ್ದು ಬರುತ್ತದೆ. ಆವರೆಗೆ ಕೆಟ್ಟದಾಗಿ ಕಾಣುತ್ತದೆ. ಎರಡನೇ ಹಂತದಲ್ಲೇ ಬೇಸತ್ತು ಒಂದು ಗೋಡೆಯನ್ನು ಎಸೆದಿದ್ದೆ. ಈಗ ಅದರ ಬಗ್ಗೆ ಬೇಜಾರಿದೆ.

ಕೊಳೆಯನ್ನೂ ಯೋಚಿಸಿ ಹಚ್ಚಬೇಕು. ಗೋಡೆಯ ಕೆಳಗಿನ ಆರೇಳು ಸೆಂ.ಮೀ.ನಲ್ಲಿ ಮಳೆ ಸಿಡಿದ ಮಣ್ಣು. ಕಿಟಕಿ ಕಟ್ಟೆಯ ಎರಡು ತುದಿಯಿಂದ ಇಳಿದ ನೀರಿನ ಕಲೆ. ಬಾಗಿಲ ಹಿಡಿಯ ಸುತ್ತ ಕೈ ತಾಗಿ ಮಾಸಿದ ಗುರುತು. ಮೊಳೆಯ ಕೆಳಗೆ ತುಕ್ಕಿನ ಗೆರೆ. ಇದಕ್ಕೆಲ್ಲ ಪೇಸ್ಟಲ್ ಕಡ್ಡಿಯನ್ನು ಬ್ಲೇಡಿನಲ್ಲಿ ಹೆರೆದ ಪುಡಿ ಸಾಕು. ಪುಡಿ ಹಚ್ಚಿದ ಮೇಲೆ ಹೊಳಪಿಲ್ಲದ ವಾರ್ನಿಷ್ ಕೊಡಬೇಕು. ಹೊಳಪು ಒಂದು ಚೂರು ಉಳಿದರೂ ಕ್ಯಾಮೆರಾ ಗುಟ್ಟು ಬಿಟ್ಟುಕೊಡುತ್ತದೆ. ಒಂದು ವಾರ ಹೊರಗೆ ಹೋದಾಗಲೆಲ್ಲ ಗೋಡೆಗಳ ಬುಡವನ್ನೇ ನೋಡುತ್ತ ನಡೆದೆ. ಜನ ಏನೋ ಕಳೆದುಕೊಂಡಿದ್ದಾಳೆ ಅಂದುಕೊಂಡಿರಬೇಕು.

ರಸ್ತೆಗೆ ಮೊದಲು ಸ್ಯಾಂಡ್‌ಪೇಪರ್ ಅಂಟಿಸಿದೆ. ಸುಲಭವೇನೋ ಹೌದು. ಆದರೆ ಹಾಳೆಗಳ ಸಂದು ಕಾಣುತ್ತಿತ್ತು, ಬೆಳಕು ಬಿದ್ದರೆ ಕಣಗಳು ಮಿಣುಕುತ್ತಿದ್ದವು. ಕಿತ್ತೆಸೆದೆ. ಮರಳನ್ನು ಜರಡಿ ಹಿಡಿದು, ಅಂಟು ಬಳಿದ ಹಲಗೆಯ ಮೇಲೆ ಉದುರಿಸಿ, ಬೂದು ಬಣ್ಣ ಹಚ್ಚಿದೆ. ಡಾಂಬರು ಕಪ್ಪು ಎಂದು ನಾವು ಅಂದುಕೊಂಡಿರುತ್ತೇವೆ. ಹೊಸದಾಗಿ ಹಾಕಿದಾಗ ಮಾತ್ರ ಕಪ್ಪು, ಬರಬರುತ್ತ ಅದು ಬೂದು. ಕಪ್ಪು ರಸ್ತೆ ಫೋಟೊದಲ್ಲಿ ಗುಂಡಿಯಂತೆ ಕಂಡಿತು. ಮೂರು ಸಲ ತಿಳಿ ಮಾಡಿದೆ.

ಮಳೆ ನಿಂತ ಮೇಲಿನ ನೀರಿನ ಗುಂಡಿ ಬೇಕು ಅನ್ನಿಸಿ, ಎರಡು ಭಾಗ ಬೆರೆಸುವ ಪಾರದರ್ಶಕ ಎಪಾಕ್ಸಿ ಅಂಟು ಸುರಿದೆ. ಎರಡು ಹಲಗೆ ಸೇರುವ ಜಾಗದ ಹತ್ತಿರ. ಬೆಳಗಾಗುವಷ್ಟರಲ್ಲಿ ಎಪಾಕ್ಸಿ ಸಂದಿಗೆ ಇಳಿದು, ಎರಡು ಹಲಗೆಯನ್ನು ಒಂದು ಮಾಡಿತ್ತು. ಮಟ್ಟಸವಾಗಿ ಹಿಡಿದರೆ ಬಾಗಿಲಿಂದ ಹೊರಗೆ ಹೋಗದಷ್ಟು ದೊಡ್ಡ ಹಲಗೆ. ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದು ಬೇರೆ ಮಾಡಿದೆ. ರಸ್ತೆಗೆ ಅಡ್ಡಲಾಗಿ ಹಾಳಾದ ಗೆರೆ ಬಿತ್ತು. ಎರಡು ದಿನ ಅದನ್ನು ಹೇಗೆ ಮುಚ್ಚುವುದು ಎಂದು ಯೋಚಿಸಿದೆ. ಆಮೇಲೆ ಹೊಳೆಯಿತು: ಪೈಪು ಹಾಕಲು ರಸ್ತೆ ಅಗೆದು, ಮತ್ತೆ ಮುಚ್ಚಿದ ಪಟ್ಟಿ ಎಲ್ಲ ಬೀದಿಯಲ್ಲೂ ಇರುತ್ತದೆ ಅಲ್ವಾ? ಆ ಗೆರೆಯ ಎರಡೂ ಬದಿಗೆ ಮೂರು ಬೆರಳಗಲ ಕಡುಬೂದು ಡಾಂಬರಿನ ತೇಪೆ ಹಾಕಿದೆ. ಈಗ ಹಲಗೆಯ ಸಂದು ಎಲ್ಲಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಉಳಿದ ಎರಡು ಸಂದಿಗೂ ಬೇಕೆಂದೇ ಅದನ್ನೇ ಮಾಡಿದೆ.

ಕಿಟಕಿ, ಕಂಬ, ಬೋರ್ಡು, ಕಸದ ಬುಟ್ಟಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಾಟಲಿ ಮುಚ್ಚಳ, ಸ್ಟ್ರಾ, ಗುಂಡಿ, ಹಲ್ಲುಕಡ್ಡಿ ಎಲ್ಲವೂ ಏನಾದರೂ ಆಗುತ್ತವೆ. ಎರಡೇ ಮಾತು. ಇಂಕ್‌ಜೆಟ್ಟಿನಲ್ಲಿ ಪ್ರಿಂಟ್ ಮಾಡಿದ ಅಂಗಡಿ ಬೋರ್ಡಿಗೆ ನೀರಿನ ಅಂಟು ತಾಗಿದರೆ ಅಕ್ಷರ ಅಳುತ್ತದೆ. ನನ್ನ ಗಡಿಯಾರ ರಿಪೇರಿ ಅಂಗಡಿಯ ಹೆಸರು ಹಾಗೇ ಹರಿದುಹೋಯಿತು. ಇನ್ನು ಕಂಬಗಳ ನಡುವೆ ವಿದ್ಯುತ್ ತಂತಿಯೆಂದು ಹೊಲಿಗೆ ದಾರ ಕಟ್ಟಿದರೆ ಅದರ ನವಿರು ನೂಲೆಲ್ಲ ಫೋಟೊದಲ್ಲಿ ಕಂಬಳಿಹುಳುವಿನ ರೋಮದಂತೆ ಕಾಣುತ್ತದೆ. ಮೇಣ ಉಜ್ಜಿ ಕಟ್ಟಬೇಕು.

ಬೀದಿಯ ತುದಿ ದೊಡ್ಡ ತಲೆನೋವಾಗಿತ್ತು. 240 ಸೆಂ.ಮೀ. ಆದ ಮೇಲೆ ಬೀರು ಬರುತ್ತದೆ. ಇನ್ನೂ ದೂರ ಇದೆ ಎಂಬ ಭ್ರಮೆ ಹುಟ್ಟಿಸಲು ಕೊನೆಯ 60 ಸೆಂ.ಮೀ.ನಲ್ಲಿ ಎಲ್ಲವನ್ನೂ ಕಿರಿದು ಮಾಡಬೇಕು. ಹಿಂದಿನ ಪರದೆಯಲ್ಲಿ ನೆಲದಿಂದ 27 ಸೆಂ.ಮೀ. ಎತ್ತರಕ್ಕೆ ಒಂದು ಗುಂಡುಸೂಜಿ ಚುಚ್ಚಿದೆ. ಅದರಿಂದ ದಾರ ಎಳೆದು, ಮುಂದಿನ ಮನೆಯ ಕಿಟಕಿಯ ಮೇಲಂಚಿಗೆ, ಬಾಗಿಲ ತಲೆಗೆ, ಫುಟ್‌ಪಾತಿನ ಅಂಚಿಗೆ ತಾಗಿಸಿದೆ. ದಾರ ಹೋದ ದಾರಿಯಲ್ಲೇ ಕೊನೆಯ ಮನೆಯ ಗೆರೆಗಳು. ಕಣ್ಣಿಗಿಂತ ಮೇಲಿನದೆಲ್ಲ ಇಳಿಯುತ್ತ ಹೋಗುತ್ತದೆ, ಕೆಳಗಿನದೆಲ್ಲ ಏರುತ್ತ ಹೋಗುತ್ತದೆ. ಒಂದು ಮೀಟರ್ ಎತ್ತರದ ಮನೆ ಆ ತುದಿಯಲ್ಲಿ 45 ಸೆಂ.ಮೀ.ಗೆ ಬಂತು. ರಸ್ತೆ 70ರಿಂದ 30ಕ್ಕೆ ಕಿರಿದಾಯಿತು. ಪಕ್ಕದಿಂದ ನೋಡಿದರೆ ಮನೆ ಸೊಟ್ಟಗೆ ಕುಸಿಯುತ್ತಿರುವಂತಿದೆ. ಲೆನ್ಸಿನಿಂದ ನೋಡಿದರೆ ಬೀದಿ ಇನ್ನೂ ಅರ್ಧ ಹರದಾರಿ ಇದೆ. ಆದರೆ ಆ ತುದಿಗೆ ನನ್ನ ಗೊಂಬೆಯನ್ನು ಕಳಿಸುವಂತಿಲ್ಲ. ಅಲ್ಲಿ ನಿಂತರೆ ರಾಕ್ಷಸಿಯಾಗುತ್ತಾಳೆ. ಅಲ್ಲಿಗೆ 15 ಸೆಂ.ಮೀ.ನ ಚಿಕ್ಕ ಗೊಂಬೆಯೊಂದನ್ನು ಬೆನ್ನು ಮಾಡಿ ನಿಲ್ಲಿಸಿದ್ದೇನೆ.

ಬೆಳಕಿನ ವಿಷಯದಲ್ಲಿ ಸೂರ್ಯನಿಂದ ಕಲಿಯಬೇಕಾದ್ದು ದೂರ. ಸೂರ್ಯ ಅಷ್ಟು ದೂರ ಇರುವುದರಿಂದಲೇ ಬೀದಿಯ ಈ ತುದಿಗೂ ಆ ತುದಿಗೂ ಒಂದೇ ಬಿಸಿಲು, ಎಲ್ಲ ನೆರಳೂ ಒಂದೇ ದಿಕ್ಕಿಗೆ. ನಾನು ದೀಪವನ್ನು ಮೊದಲ ಮನೆಯಿಂದ ಅರ್ಧ ಮೀಟರ್‌ನಲ್ಲಿ ಇಟ್ಟಿದ್ದೆ. ದೀಪದಿಂದ ಒಂದೂವರೆ ಮೀಟರ್‌ನಲ್ಲಿದ್ದ ಇನ್ನೊಂದು ಮನೆಗೆ ಮೂರರಷ್ಟು ದೂರ, ಅಂದರೆ ಒಂಬತ್ತನೇ ಒಂದು ಪಾಲು ಬೆಳಕು. ಅಲ್ಲಿ ಕತ್ತಲು, ಇಲ್ಲಿ ಉರಿ. ನೆರಳುಗಳು ಬೀಸಣಿಗೆಯಂತೆ ಹರಡಿದ್ದವು. ದೀಪವನ್ನು ಕೋಣೆಯ ಆಚೆ ಮೂಲೆಗೆ, ಮೂರು ಮೀಟರ್ ದೂರಕ್ಕೆ ಒಯ್ದ ಮೇಲೆ ಎರಡು ಮನೆಗಳ ನಡುವಿನ ವ್ಯತ್ಯಾಸ ಎರಡರಷ್ಟಕ್ಕೂ ಕಡಿಮೆಯಾಯಿತು. ನೆರಳುಗಳು ಸಾಲಿಗೆ ಬಂದವು. ಆಕಾಶಕ್ಕೆ ಮೇಲೆ ನೀಲಿ, ಕೆಳಗೆ ಬಿಳಿಗೆ ತಿರುಗುವ ಬಟ್ಟೆ ಸಾಕು. ಕೊನೆಯ ಮನೆಯ ನೆರಳು ಅದರ ಮೇಲೆ ಬೀಳದಷ್ಟು ಹಿಂದೆ ಕಟ್ಟಬೇಕು. ಆಕಾಶದ ಮೇಲೆ ನೆರಳು ಬಿದ್ದರೆ ಮುಗಿಯಿತು.

ಕಿಟಕಿಯೊಳಗಿನ ದೀಪಕ್ಕೆ ಬೆಚ್ಚನೆ ಹಳದಿಯ ಸಣ್ಣ ಎಲ್‌ಇಡಿ ಸರ ಹಾಕಿ, ಗಾಜಿನ ಹಿಂದೆ ಟ್ರೇಸಿಂಗ್ ಪೇಪರ್ ಅಂಟಿಸಿದೆ. ಮೊದಲ ರಾತ್ರಿ ದೀಪ ಹಚ್ಚಿದಾಗ ಕಿಟಕಿ ಮಾತ್ರವಲ್ಲ, ಫೋಮ್ ಬೋರ್ಡಿನ ಇಡೀ ಗೋಡೆ ಕಾಗದದ ಲಾಟೀನಿನಂತೆ ಬೆಳಗಿತು. ಒಳಗೆಲ್ಲ ಕಪ್ಪು ಬಳಿದ ಮೇಲೆ ಸರಿಹೋಯಿತು.

ಚೆನ್ನಾಗಿ ಕಟ್ಟಿದ ಬೀದಿಯೂ ಫೋಟೊದಲ್ಲಿ ಆಟಿಕೆಯಂತೆ ಕಾಣುವುದಕ್ಕೆ ಇನ್ನೊಂದು ಕಾರಣ ಇದೆ. ಹಿಂದಿನದೆಲ್ಲ ವಿಪರೀತ ಮಸುಕಾಗುವುದು. ಮೂರು ಮೀಟರ್ ದೂರದ ಮನುಷ್ಯನನ್ನು ತೆಗೆಯುವಂತೆ ಗೊಂಬೆಯನ್ನು ತೆಗೆಯಲು ಕ್ಯಾಮೆರಾ 50 ಸೆಂ.ಮೀ.ಗೆ ಬರಬೇಕು. ದೂರ ಆರನೇ ಒಂದಕ್ಕೆ ಇಳಿದರೆ, ಸ್ಪಷ್ಟವಾಗಿ ಕಾಣುವ ಪದರ ಸುಮಾರು ಮೂವತ್ತಾರನೇ ಒಂದಕ್ಕೆ ಇಳಿಯುತ್ತದೆ. ನಮಗೆ ಬೇಕಾದ್ದು ಆರನೇ ಒಂದು. ಅದನ್ನು ಸರಿದೂಗಿಸಲು ಎಫ್ ಸಂಖ್ಯೆಯನ್ನು, ಅಂದರೆ ಲೆನ್ಸಿನ ಕಂಡಿ ಎಷ್ಟು ಕಿರಿದು ಎಂದು ಹೇಳುವ ಸಂಖ್ಯೆಯನ್ನು, ಆರರಷ್ಟು ಮಾಡಬೇಕು. ಮನುಷ್ಯನಿಗೆ ಎಫ್ 2.8 ಆದರೆ ಗೊಂಬೆಗೆ ಹೆಚ್ಚುಕಡಿಮೆ ಎಫ್ 16. ಆಗ ಒಳಬರುವ ಬೆಳಕು ಮೂವತ್ತೆರಡರಲ್ಲಿ ಒಂದು ಪಾಲಾಗುತ್ತದೆ, ಷಟರ್ ಒಂದು ಸೆಕೆಂಡ್ ತೆರೆದಿರಬೇಕಾಗುತ್ತದೆ. ಟ್ರೈಪಾಡ್ ಇದ್ದರೆ ತೊಂದರೆ ಇಲ್ಲ. ಗೊಂಬೆ ಕಣ್ಣು ಮಿಟುಕಿಸುವುದಿಲ್ಲ. ಎಫ್ 16ಕ್ಕಿಂತ ಮುಂದೆ ಹೋದರೆ ಇಡೀ ಚಿತ್ರವೇ ಮೆತ್ತಗಾಗುತ್ತದೆ, ಅದಕ್ಕೆ ಅಲ್ಲಿಗೇ ನಿಲ್ಲಿಸುತ್ತೇನೆ.

ಇಷ್ಟೆಲ್ಲ ಹೇಳಿ, ನಾನು ಅರ್ಧಕ್ಕರ್ಧ ಫೋಟೊ ತೆಗೆಯುವುದು ಫೋನಿನಲ್ಲೇ. ಫೋನಿನ ಸೆನ್ಸರ್ ಚಿಕ್ಕದು, ಹಾಗಾಗಿ ಹಿಂದಿನದೂ ಸಾಕಷ್ಟು ಸ್ಪಷ್ಟ ಬರುತ್ತದೆ. ಮೆಟ್ಟಿಲ ಮೇಲೆ ಕೂತ ಗೊಂಬೆಗೆ ಇನ್ನೂ ಕೆಳಗಿನಿಂದ ತೆಗೆಯಬೇಕೆಂದರೆ ಫೋನನ್ನು ತಲೆಕೆಳಗು ಹಿಡಿದರಾಯಿತು, ಲೆನ್ಸು ನೆಲಕ್ಕೇ ಬರುತ್ತದೆ. ದೊಡ್ಡ ಕ್ಯಾಮೆರಾ ಆ ಓಣಿಯೊಳಗೆ ನುಗ್ಗುವುದೂ ಇಲ್ಲ.

ಗೊಂಬೆಯನ್ನು ನಿಲ್ಲಿಸುವುದು ಒಂದು ಸರ್ಕಸ್ಸು. ರಸ್ತೆಯ ಕೆಳಗೆ ಅಯಸ್ಕಾಂತ ಇಡೋಣವೆಂದರೆ ಹಲಗೆ ಎರಡೂವರೆ ಸೆಂ.ಮೀ. ದಪ್ಪ, ಹಿಡಿತ ಸಿಗುವುದಿಲ್ಲ. ಕೊನೆಗೆ ದಪ್ಪ ತಂತಿಯನ್ನು ರಸ್ತೆಗೆ ಚುಚ್ಚಿ, ಕ್ಯಾಮೆರಾಗೆ ಕಾಣದಂತೆ ಕಾಲಿನ ಹಿಂದೆ ಏರಿಸಿ, ಸೊಂಟಕ್ಕೆ ಸುತ್ತುತ್ತೇನೆ. ತೂತಿನ ಮೇಲೆ ಚಿಟಿಕೆ ಮರಳು. ಒಂದು ಸಂಜೆ ತಂತಿ ಕಟ್ಟಲು ಸೋಮಾರಿತನವಾಗಿ ಗೊಂಬೆಯನ್ನು ಹೊಸದಾಗಿ ಬಣ್ಣ ಬಳಿದ ಗೋಡೆಗೆ ಸುಮ್ನೆ ಒರಗಿಸಿ ಮಲಗಲು ಹೋದೆ. ಬಣ್ಣ ಮುಟ್ಟಿದರೆ ಒಣಗಿತ್ತು. ಆದರೆ ಗೊಂಬೆಯ ಕೈ ಮೆದು ವಿನೈಲ್. ಅದನ್ನು ಮೆದುವಾಗಿಡಲು ಬೆರೆಸಿದ ವಸ್ತು ಅಕ್ರಿಲಿಕ್ ಬಣ್ಣವನ್ನು ಮತ್ತೆ ಜಿಗುಟು ಮಾಡುತ್ತದೆ. ಬೆಳಗ್ಗೆ ಎಳೆದಾಗ ನಾಲ್ಕು ಇಟ್ಟಿಗೆಯ ಬಣ್ಣ ಅವಳ ಮೊಣಕೈಯಲ್ಲಿ ಬಂತು. ಗೋಡೆಗೆ ಮತ್ತೆ ಬಣ್ಣ ಹಚ್ಚಿದೆ. ಮೊಣಕೈಯಲ್ಲಿ ಇನ್ನೂ ಕೆಂಪು ಕಲೆ ಇದೆ, ತೋಳುದ್ದದ ಅಂಗಿಯೇ ಗತಿ.

ಮೈಕೆಲ್ ಪಾಲ್ ಸ್ಮಿತ್ ಎಂಬವರು 1:24ರ ಪುಟ್ಟ ಕಾರುಗಳನ್ನೂ ಕಟ್ಟಡಗಳನ್ನೂ ಹೊರಗೆ ಮೇಜಿನ ಮೇಲೆ ಇಟ್ಟು, ಹಿಂದಿನ ನಿಜವಾದ ಮರ, ಮನೆಗಳ ಜೊತೆ ಒಂದೇ ಚಿತ್ರದಲ್ಲಿ ಹೊಂದಿಸುತ್ತಿದ್ದರು. ಅದನ್ನು ನೆನೆದು ನಾನೂ ಒಂದು ಬೆಳಗ್ಗೆ ಎರಡು ಹಲಗೆ, ಎರಡು ಮನೆ ಹೊತ್ತು ಹೊರಗೆ ಹೋದೆ. ದೂರದ ಮರಗಳು ಬೀದಿಯ ತುದಿಯ ಮರಗಳಾದವು. ದಾರ ಎಳೆದು, ಸೂಜಿ ಚುಚ್ಚಿ ಎರಡು ವಾರ ಮಾಡಿದ್ದನ್ನು ಮರ ಸುಮ್ನೆ ನಿಂತು ಮಾಡಿತು. ಹತ್ತು ನಿಮಿಷ ಆಗುವಷ್ಟರಲ್ಲಿ ಗಾಳಿ ಬಂತು. ಅಕ್ಕ ಗೋಡೆಯ ಹಿಂದೆ ಕೂತು ಎರಡೂ ಕೈಯಲ್ಲಿ ಮನೆ ಹಿಡಿದುಕೊಂಡಳು. ಅವತ್ತಿನ ಒಳ್ಳೆಯ ಫೋಟೊದಲ್ಲಿ ಮೇಲಿನ ಕಿಟಕಿಯೊಳಗೆ ಸರಿಯಾಗಿ ನೋಡಿದರೆ ಅವಳ ಕನ್ನಡಕ ಕಾಣುತ್ತದೆ.

ಈಗ ಬೀದಿಯನ್ನು ಬಿಚ್ಚಲು ಇಪ್ಪತ್ತು ನಿಮಿಷ, ಜೋಡಿಸಲು ಒಂದು ಗಂಟೆ. ಹಲಗೆಗಳು ಮಂಚದ ಕೆಳಗೆ, ಮನೆಗಳು ಪುಸ್ತಕದಂತೆ ಸಾಲಾಗಿ ಬೀರುವಿನ ಪಕ್ಕ. ಹೆಂಚಿನ ಮನೆ ಮಾತ್ರ ಮಾಡಿನ ದೆಸೆಯಿಂದ ಎಲ್ಲೂ ಸೇರುವುದಿಲ್ಲ. ಹೋದ ವಾರ ಓಣಿಯಲ್ಲಿ ಏನೋ ಕೊರತೆ ಅನ್ನಿಸುತ್ತಿತ್ತು. ಆ ಕರಗಿದ ಗೋಡೆಯ ಬುಡ ತೀರಾ ಚೊಕ್ಕಟವಾಗಿತ್ತು. ಮಾಡಿನಿಂದ ಮೂವತ್ತು ಹೆಂಚು ಕಿತ್ತೆ. ಕೆಲವನ್ನು ಮುರಿದೆ, ಕೆಲವನ್ನು ಹಾಗೇ ಬಿಟ್ಟೆ, ಗೋಡೆಯ ಬುಡದಲ್ಲಿ ರಾಶಿ ಹಾಕಿ ಮೇಲೆ ಒಂದಿಷ್ಟು ಧೂಳು ಉದುರಿಸಿದೆ. ಗೊಂಬೆಯನ್ನು ಆ ರಾಶಿಯ ಮೇಲೆ ಕೂರಿಸಿ, ಫೋನನ್ನು ತಲೆಕೆಳಗು ಹಿಡಿದು ತೆಗೆದೆ. ಮೂರು ತರದ ಕೆಂಪೂ ಚೆನ್ನಾಗಿ ಬಂದಿದೆ. ಮಾಡಿನಲ್ಲಿ ಈಗ ಅಂಗೈಯಗಲದ ತೂತಿದೆ. 27 ಸೆಂ.ಮೀ. ಎತ್ತರದಿಂದ ಅದು ಕಾಣುವುದಿಲ್ಲ.